ಗೆಳೆಯರ ಜೊತೆ ಬಲಿಪೂಜೆಗೆ ಹೋಗುವಾಗ

ಬೆಂಗಳೂರಿನ ಹೊಸೂರು ರಸ್ತೆಯ ಕ್ರೈಸ್ಟ್ ವಿಶ್ವವಿದ್ಯಾಲಯ 1969ರಲ್ಲಿ ಸಿಎಂಐ ಎಂಬ ಕ್ಯಾಥೊಲಿಕ್ ಸಭೆಯ ಗುರುಗಳು ಕಾಲೇಜಾಗಿ ಆರಂಭಿಸಿದ ಸಂಸ್ಥೆ. ಅಂಥ ಕಡೆ ಓದುವ ಬಿಟಿಎಂ, ಜಯನಗರದ ಮಕ್ಕಳನ್ನು ಕ್ಯಾಥೊಲಿಕ್ ಗೆಳೆಯರು ಒಮ್ಮೆಯಾದರೂ ಚರ್ಚಿನ ಬಲಿಪೂಜೆಗೆ ಕರೆಯುವುದುಂಟು. ಖಂಡಿತ ಹೋಗಿ. ಹಿಂದಿನ ಬೆಂಚಿನಲ್ಲಿ ಕುಳಿತರೆ ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂಬುದು ಮುಂದಿನವರನ್ನು ನೋಡಿಯೇ ತಿಳಿಯುತ್ತದೆ. ಮೊಣಕಾಲೂರಲೇಬೇಕೆಂದಿಲ್ಲ, ಸುಮ್ಮನೆ ಕುಳಿತಿರಬಹುದು.

ಒಂದು ಮಾತು ಮಾತ್ರ ಚೆನ್ನಾಗಿ ನೆನಪಿಡಿ. ನಮ್ಮಲ್ಲಿ ಪ್ರಸಾದ ಬೇಡವೆಂದರೆ ಅಪಚಾರ. ಬನಶಂಕರಿ ಗುಡಿಯಲ್ಲಿ ಕೈ ತಾನಾಗಿ ಮುಂದೆ ಹೋಗುತ್ತದೆ. ಇಲ್ಲಿ ಹಾಗೆ ಮಾಡಬೇಡಿ. ಗುರುಗಳು ಕೊಡುವ ಪರಮಪ್ರಸಾದವನ್ನು ಕ್ಯಾಥೊಲಿಕರು ಯೇಸುವಿನ ಶರೀರವೆಂದೇ ನಂಬುತ್ತಾರೆ. ದೀಕ್ಷಾಸ್ನಾನವಾಗಿ, ಅದಕ್ಕೆಂದೇ ಸಿದ್ಧರಾದವರಷ್ಟೇ ಸ್ವೀಕರಿಸುತ್ತಾರೆ. ಸಾಲು ಹೊರಟಾಗ ಕುಳಿತಲ್ಲೇ ಕಾಲು ಸರಿಸಿ ದಾರಿ ಬಿಡಿ, ಸಾಕು. ಅದಕ್ಕೂ ಮುಂಚೆ ಪಕ್ಕದವರು ನಿಮ್ಮತ್ತ ತಿರುಗಿ ಕೈಮುಗಿದು ಶಾಂತಿ ಕೋರಿದರೆ ನೀವೂ ಕೈಮುಗಿಯಿರಿ. ಅದರಲ್ಲಿ ಎಲ್ಲರಿಗೂ ಪಾಲುಂಟು. ಹಾಡುಗಳಿಗೆ ದನಿಗೂಡಿಸುವುದು ನಿಮ್ಮಿಷ್ಟ.

ಮೊಬೈಲ್ ಆಫ್ ಇರಲಿ. ಫೋಟೊ, ರೀಲ್ಸ್ ಬೇಡವೇ ಬೇಡ, ಪ್ರಾರ್ಥಿಸುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಸಲ್ಲದು. ಚಪ್ಪಲಿ ಹೊರಗೆ ಬಿಡುವ ರೂಢಿ ಕೆಲವೆಡೆ ಇದೆ, ಬಾಗಿಲಲ್ಲಿ ನೋಡಿಕೊಳ್ಳಿ. ಉಳಿದ ಸಂದೇಹಗಳನ್ನು ಪೂಜೆ ಮುಗಿದ ಮೇಲೆ ಕರೆದೊಯ್ದ ಗೆಳೆಯರನ್ನೇ ಕೇಳಿ.