ನೀರನ್ನು ಸಾಕು, ಪುಟ್ಟಾ

ಪುಟ್ಟಾ, ನೀನು ಕಳಿಸಿದ ಫೋಟೊ ನೋಡಿದೆ. ತಲೆಯ ಎರಡೂ ಬದಿಗೆ ಮೂರು ಮೂರು ಕೆಂಪು ಗರಿ, ನಕ್ಕಂತಿರುವ ಬಾಯಿ. ಮನೆಗೆ ಆಕ್ಸೊಲಾಟಲ್ ಬಂದ ಸಂಭ್ರಮ ನಿನ್ನ ಮೆಸೇಜಿನಲ್ಲೇ ಕಾಣುತ್ತಿತ್ತು. ಏನು ತಿನ್ನಿಸಲಿ ದೊಡ್ಡಪ್ಪ ಎಂದು ಕೇಳಿದ್ದೀಯ. ಹೇಳುತ್ತೇನೆ, ಮೊದಲು ನೀರಿನ ಮಾತು ಮುಗಿಯಲಿ. ಇಷ್ಟು ವರ್ಷ ಮನೆಯಲ್ಲಿ ಅಕ್ವೇರಿಯಂ ಇಟ್ಟು ನಾನು ಕಲಿತದ್ದು ಇಷ್ಟೇ: ನಾವು ನೀರನ್ನು ಸಾಕಿದರೆ, ನೀರು ಪ್ರಾಣಿಯನ್ನು ಸಾಕುತ್ತದೆ.

ಆ ಕೆಂಪು ಗರಿಗಳೇ ಅದರ ಕಿವಿರು. ಮೀನಿಗಾದರೆ ಕಿವಿರಿನ ಮೇಲೆ ಮುಚ್ಚಳ ಇರುತ್ತದೆ, ಮೈಮೇಲೆ ಹುರುಪೆ ಇರುತ್ತದೆ. ನೀರಲ್ಲೇ ಬದುಕುವ ಈ ಉಭಯಚರಕ್ಕೆ ಎರಡೂ ಇಲ್ಲ. ಚರ್ಮವೂ ಬಲು ತೆಳು. ನೀರಿನಲ್ಲಿರುವ ವಿಷ ಸೀದಾ ಮೈಗೆ ಇಳಿಯುತ್ತದೆ.

ವಿಷ ಹೊರಗಿನಿಂದ ಬರಬೇಕಿಲ್ಲ. ಅದರ ಮಲ, ತಿನ್ನದೆ ಬಿಟ್ಟ ಚೂರು ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡಿದಾಗ ಅಪಾಯ ತಗ್ಗುತ್ತದೆ. ಈ ಜೀವಿಗಳು ಬೆಳೆದು ನಿಲ್ಲಲು ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಕಾಯುತ್ತೇವಲ್ಲ, ಹಾಗೆ. ಆರೋಗ್ಯವಾಗಿರುವ ಹಳೆಯ ಅಕ್ವೇರಿಯಂನ ಫಿಲ್ಟರ್ ಸ್ಪಂಜಿನ ತುಂಡು ಸಿಕ್ಕರೆ ಅದೇ ಒಳ್ಳೆಯ ಹೆಪ್ಪು.

ನಿನ್ನ ತೊಟ್ಟಿಗೆ ಇನ್ನೂ ಹದಿನೈದು ದಿನವೂ ಆಗಿಲ್ಲ. ಹಾಗಾಗಿ ಸದ್ಯಕ್ಕೆ ಪ್ರಾಣಿಯನ್ನು ಒಂದು ಅಗಲವಾದ ಟಬ್ಬಿನಲ್ಲಿಡು. ಕ್ಲೋರಿನ್ ತೆಗೆದ ತಣ್ಣನೆಯ ನೀರು ತುಂಬಿ, ದಿನಕ್ಕೊಮ್ಮೆ ಪೂರ್ತಿ ಬದಲಿಸು. ಅತ್ತ ತೊಟ್ಟಿಯ ಫಿಲ್ಟರ್ ಓಡುತ್ತಲೇ ಇರಲಿ. ಬ್ಯಾಕ್ಟೀರಿಯಾಕ್ಕೂ ಊಟ ಬೇಕು, ಅದಕ್ಕೆ ಚಿಟಿಕೆ ಮೀನಿನ ಆಹಾರ ಹಾಕುತ್ತಿರು.

ಕಣ್ಣಿಗೆ ತಿಳಿಯಾಗಿ ಕಂಡ ನೀರನ್ನು ನಂಬಬೇಡ. ಒಮ್ಮೆ ನಾನು ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ತೊಳೆದೆ. ನೀರು ಗಾಜಿನಂತೆ ಹೊಳೆಯುತ್ತಿತ್ತು. ಮೂರನೇ ದಿನ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಅಮೋನಿಯಾ ಪರೀಕ್ಷಿಸುವ ಕಿಟ್‌ನ ಪುಟ್ಟ ಕೊಳವೆಗೆ ತೊಟ್ಟಿಯ ನೀರು ಹಾಕಿ ದ್ರಾವಣದ ಹನಿ ಬಿಟ್ಟೆ. ಹಳದಿ ಇರಬೇಕಾದದ್ದು ಕಣ್ಣೆದುರೇ ಹಸಿರಾಯಿತು. ಅಮೋನಿಯಾ ಏರಿತ್ತು. ಕ್ಲೋರಿನ್ ನೀರಿನಲ್ಲಿ ತೊಳೆದು, ತಿಂಗಳುಗಟ್ಟಲೆ ಬೆಳೆದಿದ್ದ ಬ್ಯಾಕ್ಟೀರಿಯಾವನ್ನು ನಾನೇ ಕೊಂದಿದ್ದೆ. ಅವತ್ತಿನಿಂದ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಎರಡು ಸಲ ಹಿಂಡಿ ಬಿಡುತ್ತೇನೆ, ಅಷ್ಟೇ.

ಇನ್ನು ತಂಪು. ಇದರ ತವರು ಮೆಕ್ಸಿಕೊ ನಗರದ ಸೋಚಿಮಿಲ್ಕೊ. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ಜಾಗ. ಅಲ್ಲಿಯ ಕೆರೆ ಕಾಲುವೆಗಳ ತಣ್ಣೀರಿನ ಜೀವಿ ಇದು. 16ರಿಂದ 18 ಡಿಗ್ರಿ ಇದಕ್ಕೆ ಹಿತ. 24 ದಾಟಿದರೆ ಸಂಕಟ ಶುರು: ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಅಮೋನಿಯಾದ ವಿಷ ಹೆಚ್ಚು. ಬೆಂಗಳೂರಿನ ಏಪ್ರಿಲ್ ಸೆಕೆ ನಿನಗೆ ಗೊತ್ತೇ ಇದೆ. ನೀರಿನ ಮೇಲೆ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿದೀತು, ಅದು ಸಾಲದು. ಚಿಲ್ಲರ್ ಕೊಳ್ಳಲೇಬೇಕು. ಐಸ್ ಬಾಟಲಿ ತೇಲಿಬಿಟ್ಟು ಇಡೀ ಬೇಸಿಗೆ ಕಳೆಯಲಾಗದು. ತಾಪ ಏರಿಳಿದರೆ ಅದಕ್ಕೆ ಇನ್ನೂ ಕಷ್ಟ.

ಶುದ್ಧವಾಗಿರಲಿ ಎಂದು ಆರ್‌ಒ ನೀರು ತುಂಬಬೇಡ. ಅದರಲ್ಲಿ ಲವಣ ತೀರಾ ಕಡಿಮೆ. ಆಕ್ಸೊಲಾಟಲ್‌ಗೆ ತುಸು ಗಡಸು ನೀರೇ ಒಗ್ಗುತ್ತದೆ. ಕಾವೇರಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಳಸು. ಬೋರ್‌ವೆಲ್ ನೀರಾದರೆ ಮೊದಲು ಪರೀಕ್ಷಿಸು. ಪಿಎಚ್ 7ರಿಂದ 8ರೊಳಗಿರಲಿ.

ಹೆಪ್ಪು ಹತ್ತಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನಿಂತ ಮೇಲೆ ಪ್ರಾಣಿಯನ್ನು ತೊಟ್ಟಿಗೆ ಬಿಡು. ಆಮೇಲೂ ವಾರಕ್ಕೊಮ್ಮೆ ಪರೀಕ್ಷಿಸು. ನೈಟ್ರೇಟ್ 20 ಪಿಪಿಎಂ ಒಳಗಿದ್ದರೆ ಒಳ್ಳೆಯದು. ವಾರಕ್ಕೊಮ್ಮೆ ಐದನೇ ಒಂದು ಭಾಗ ನೀರು ಬದಲಿಸು, ಹೊಸ ನೀರು ತೊಟ್ಟಿಯಷ್ಟೇ ತಂಪಾಗಿರಲಿ. ಫಿಲ್ಟರಿನ ಸೆಳೆತ ಮೆಲ್ಲಗಿರಲಿ. ಕಿವಿರು ಮುಂದಕ್ಕೆ ಬಾಗಿದರೆ, ಬಾಲದ ತುದಿ ಕೊಕ್ಕೆಯಾದರೆ, ಕಿವಿರಿನ ಮೇಲೆ ಬಿಳಿ ಹತ್ತಿಯಂಥದ್ದು ಕಂಡರೆ ಔಷಧಿಗೆ ಓಡುವ ಮೊದಲು ನೀರನ್ನು ನೋಡು.

ಈಗ ನೀನು ಕೇಳಿದ ಊಟದ ವಿಷಯ. ಎರೆಹುಳು ಕೊಡು. ಗೊಬ್ಬರ, ಕೀಟನಾಶಕ ಬೀಳದ ಮಣ್ಣಿನದಾಗಿರಲಿ. ದೊಡ್ಡದಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಬಿಟ್ಟ ಚೂರನ್ನು ಆಗಲೇ ತೆಗೆದುಬಿಡು. ಮತ್ತೆ ಅಮೋನಿಯಾ ಆಗುವುದು ಅದೇ.

ಇದರ ಕಾಡಿನ ಬಳಗ ಇವತ್ತು ಅಳಿವಿನ ಅಂಚಿನಲ್ಲಿದೆ. ಸೋಚಿಮಿಲ್ಕೊದ ನೀರು ಕೊಳೆಯಾದದ್ದು, ಹೊರಗಿನಿಂದ ತಂದು ಬಿಟ್ಟ ಕಾರ್ಪ್, ತಿಲಾಪಿಯ ಮೀನುಗಳು ಮೊಟ್ಟೆ ಮರಿಗಳನ್ನು ತಿಂದದ್ದು ಅದಕ್ಕೆ ದೊಡ್ಡ ಕಾರಣಗಳು. ಚೆನ್ನಾಗಿ ನೋಡಿಕೊಂಡರೆ ನಿನ್ನ ಮನೆಯಲ್ಲಿ ಹತ್ತು ವರ್ಷಕ್ಕೂ ಮೀರಿ ಬದುಕುವ ಜೀವ ಇದು. ಇವತ್ತು ರಾತ್ರಿ ಊಟಕ್ಕೆ ಕೂರುವ ಮೊದಲು ಟಬ್ಬಿನ ನೀರು ಬದಲಿಸು, ತೊಟ್ಟಿಯ ನೀರಿಗೆ ಹನಿ ಬಿಟ್ಟು ಬಣ್ಣ ನೋಡು, ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡು. ನಾಳೆ ನನಗೆ ಆ ಪುಟದ ಫೋಟೊ ಕಳಿಸು.