ಆಲ್ಬಂ ಅಂದ್ರೇನು? ಅಪ್ಪನ ಕ್ಯಾಸೆಟ್ ಹೇಳಿದ ಪಾಠ

ಸಿಂಗಲ್ ಅಂದ್ರೆ ಬಿಡಿಯಾಗಿ ಬಿಡುಗಡೆಯಾಗುವ ಹಾಡು. ಆಲ್ಬಂ ಅಂದ್ರೆ ಒಂದಾದ ಮೇಲೊಂದು ಕ್ರಮವಾಗಿ ಕೇಳುವ ಹಾಡುಗಳು. ರಾಕ್ ಪ್ರಿಯರಿಗೆ ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಗೊತ್ತು. ನಮಗೆ 1978ರ ‘ನಿತ್ಯೋತ್ಸವ’ ಇದೆ: ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ರಾಗಸಂಯೋಜನೆ ಮೈಸೂರು ಅನಂತಸ್ವಾಮಿ ಅವರದು.

ಅರಸೀಕೆರೆಯ ನಮ್ಮನೆಯಲ್ಲಿ ಅದರ ಕ್ಯಾಸೆಟ್ ಇದೆ. ಕ್ಯಾಸೆಟ್ ಟೇಪ್ ಓಡುವುದು ಸೆಕೆಂಡಿಗೆ 4.76 ಸೆಂ.ಮೀ.; 30 ನಿಮಿಷಕ್ಕೆ ಸುಮಾರು 86 ಮೀಟರ್. ಚಿಕ್ಕವನಿದ್ದಾಗ ನಾನು ಟೇಪ್ ಎಳೆದು ಹರಿದುಬಿಟ್ಟೆ. ಅಪ್ಪ ಬೈಯಲಿಲ್ಲ. ಸುಕ್ಕಾಗಿದ್ದ 10 ಸೆಂ.ಮೀ. ಕತ್ತರಿಸಿ, ಅಂಟಿಸಿದರು. ಲೆಕ್ಕ ಹಾಕಿ: 2.1 ಸೆಕೆಂಡ್ ಹಾಡು ಹೋಯ್ತು.

ಈಗ ಮೊಬೈಲಲ್ಲಿ ಹಾಡು ಪೂರ್ತಿ ಸಿಗುತ್ತೆ. ಅಪ್ಪ ಮಾತ್ರ ಇವತ್ತಿಗೂ ಆ ಜಾಗದಲ್ಲಿ ಎರಡು ಪದ ಬಿಟ್ಟೇ ಹಾಡ್ತಾರೆ. ಅದು ಮುಗಿದ ತಕ್ಷಣ ಮುಂದಿನ ಹಾಡು ತಾನಾಗಿ ಅವರ ಬಾಯಿಗೆ ಬರುತ್ತೆ. ಆಲ್ಬಂ ಅಂದ್ರೆ ಇದು.