ಪಾರ್ಶ್ವವಾಯು ಬಂದ ಮನೆಗೆ ದೊಡ್ಡತ್ತೆಯ ಕಿವಿಮಾತು

ಪುಟ್ಟಿ, ನಿಮ್ಮಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿರೆಂದು ತಿಳಿದು ಉಸಿರು ಬಂದಂತಾಯಿತು. ಆದರೆ "ಪೂರ್ತಿ ವಾಸಿಯಾಗೋವರೆಗೂ ಯಾರಿಗೂ ಮುಖ ತೋರಿಸೋಲ್ಲ ಅಂತಾರೆ ಅಪ್ಪ" ಎಂದು ನೀನು ಫೋನಿನಲ್ಲಿ ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ನಮ್ಮ ಯಜಮಾನರಿಗೆ, ಅದೇ ನಿಮ್ಮ ಮಾವನಿಗೆ, ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಬಿದ್ದುಹೋದಾಗ ಅವರದೂ ಇದೇ ಹಠ. ವಾಸಿಯಾದ ಮೇಲೆ ಊರೊಳಗೆ ಹೋಗೋಣ ಎಂದು ಕಾಯುತ್ತಾ ಕೂತವರು ಕೂತೇ ಇರುತ್ತಾರೆ. ಹೋಗಿಬರುತ್ತಲೇ ಮೈ ಕೂಡಬೇಕು. ನೆನಪಾದ ಹಾಗೆ ಬರೆದಿದ್ದೇನೆ, ನಿಮ್ಮಮ್ಮನಿಗೂ ಓದಿ ಹೇಳು.

• ಮೊದಲು ಜಗಲಿ, ಆಮೇಲೆ ಬೀದಿಯ ಕೊನೆ, ಆಮೇಲೆ ಕಟಿಂಗ್ ಶಾಪ್. ಕ್ಷೌರಕ್ಕೆ ಮನೆಗೇ ಜನ ಕರೆಸಬೇಡಿ. ಆ ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿಕೊಂಡು, ಪಕ್ಕದವರ ಹರಟೆ ಕೇಳಿಸಿಕೊಂಡು ಬರಲಿ. ನಿಮ್ಮಪ್ಪನಿಗೆ ನಿಜವಾದ ಔಷಧಿ ಬೆಳಗಿನ ಹಾಲಿನ ಡೇರಿ. ಕ್ಯಾನ್ ನೀನು ಹಿಡಿದುಕೋ, ಪಾಸ್‌ಬುಕ್ ಅವನ ಜೇಬಿನಲ್ಲಿರಲಿ. ಲೀಟರು, ಡಿಗ್ರಿ ಬರೆಸಿಕೊಂಡು ಲೆಕ್ಕ ನೋಡುವ ಕೆಲಸ ಅವನದೇ. ಸುಮ್ಮನೆ ವಾಕಿಂಗಿಗೆ ಬಾ ಅಂದರೆ ಬರಲಾರ, ಕೆಲಸವಿದೆ ಅಂದರೆ ಎದ್ದು ಬರುತ್ತಾನೆ.

• ಬಂದ ಮೇಲೆ ಮಲಗಲಿ. ಲಕ್ವ ಹೊಡೆದವರ ದಣಿವು ನಮ್ಮ ನಿಮ್ಮ ದಣಿವಿನಂಥದ್ದಲ್ಲ. ಮೆದುಳಿಗೆ ಪೆಟ್ಟಾದಾಗ ಸಣ್ಣ ಕೆಲಸವೂ ಮೈಯೆಲ್ಲ ಹಿಂಡುತ್ತದೆ. ಸೋಮಾರಿ ಆಗಿದ್ದಾರೆ ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು.

• ಅವನಿಗೆ ಎಡಗಡೆ ಹೊಡೆದಿದೆ, ಅಂದರೆ ಪೆಟ್ಟು ಬಿದ್ದಿರುವುದು ಬಲ ಮೆದುಳಿಗೆ. ಹೀಗಾದವರಲ್ಲಿ ಕೆಲವರಿಗೆ ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಲೋಕವೇ ಗಮನಕ್ಕೆ ಬರುವುದಿಲ್ಲ. ಎಲೆ ಹಾಕಿ ಬಡಿಸಿ ನೋಡು. ಎಡತುದಿಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಮುಟ್ಟದೆ ಹಾಗೇ ಉಳಿದಿದ್ದರೆ ಅದು ರುಚಿಯ ಮಾತಲ್ಲ, ಡಾಕ್ಟರಿಗೆ ಹೇಳಬೇಕಾದ ಮಾತು. ಅಂಥವರು ಬಾಗಿಲ ಚೌಕಟ್ಟಿಗೆ ಎಡ ಭುಜ ತಾಗಿಸುತ್ತಾರೆ, ರಸ್ತೆಯಲ್ಲಿ ಎಡಗಡೆಯಿಂದ ಬರುವ ಬೈಕು ಕಾಣುವುದಿಲ್ಲ. ಒಬ್ಬನೇ ರಸ್ತೆ ದಾಟಲು ಬಿಡಬೇಡ. ನೀನು ಅವನ ಎಡಕ್ಕೇ ಇದ್ದು ನಡೆ, ಎಡಕ್ಕೇ ಕೂತು ಮಾತಾಡಿಸು. ತಲೆ ಆ ಕಡೆ ತಿರುಗಿಸುವ ಅಭ್ಯಾಸ ಆಗಲಿ.

• ಸೋತ ಕೈ ಹಿಡಿದು ಯಾರೂ ಎಳೆಯಬಾರದು, ಕಂಕುಳಿಗೆ ಕೈ ಹಾಕಿ ಎತ್ತಬಾರದು. ಭುಜದ ಕೀಲು ಜಾರಿಬಿಡುತ್ತದೆ, ಆ ನೋವು ತಿಂಗಳುಗಟ್ಟಲೆ ಬಿಡದು. ಎಬ್ಬಿಸುವಾಗ ಸೊಂಟಕ್ಕೆ ಗಟ್ಟಿ ಟವೆಲ್ ಸುತ್ತಿ ಅದನ್ನು ಹಿಡಿದುಕೊಳ್ಳಿ. ಪ್ರೀತಿಯಿಂದ ಓಡಿಬಂದು ಕೈ ಕೊಡುವ ನೆಂಟರಿಗೂ ಮೊದಲೇ ಹೇಳಿಬಿಡು.

• ಕೋಲು ಒಳ್ಳೆಯ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಅಂಗಿ ತೊಡಿಸುವಾಗ ಸೋತ ಕೈ ಮುಂದೆ, ಬಿಚ್ಚುವಾಗ ಕೊನೆಗೆ. ಪಂಚೆ ಕಾಲಿಗೆ ತೊಡರುತ್ತದೆ, ಹೊರಗೆ ಹೋಗುವಾಗ ಎಲಾಸ್ಟಿಕ್ ಪ್ಯಾಂಟು ಹಾಕಿಸು.

• ಮಾತಿನ ವಿಷಯ. ನಿಮ್ಮಪ್ಪನದು ನಾಲಿಗೆಯ ತೊದಲು, ಪದಗಳೇನೂ ಮರೆತಿಲ್ಲ. ನಿಧಾನವಾಗಿ ಹೇಳಲಿ, ನೀವು ಕಾಯಿರಿ, ವಾಕ್ಯ ನೀವೇ ಮುಗಿಸಬೇಡಿ. ನಿಮ್ಮ ಮಾವನದು ಬೇರೆ. ಎಡ ಮೆದುಳಿಗೆ ಪೆಟ್ಟಾಗಿ ಪದಗಳೇ ಸಿಗುತ್ತಿರಲಿಲ್ಲ. ನನ್ನ ಹೆಸರು ಹೇಳಲಾಗದವರು ಮಗ್ಗಿ ಶುರುಮಾಡಿಕೊಟ್ಟರೆ ಮುಂದಕ್ಕೆ ಹೇಳಿಬಿಡುತ್ತಿದ್ದರು, ದೇವರನಾಮಕ್ಕೆ ದನಿಗೂಡಿಸುತ್ತಿದ್ದರು. ಬಾಯಿಪಾಠವಾದದ್ದು, ಹಾಡು ಎಷ್ಟೋ ಜನರಲ್ಲಿ ಹೀಗೆ ಉಳಿದಿರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಕೇಳಿದರೆ ಯಾವ ಆಟೋದವನಾದರೂ ತೋರಿಸುತ್ತಾನೆ. ಮಾತು ಬಿದ್ದವರು ನಿಮ್ಮ ಕಡೆ ಯಾರಾದರೂ ಇದ್ದರೆ ಅಲ್ಲಿಗೆ ಕಳಿಸು. ಅಂಥವರನ್ನು "ಏನು ಬೇಕು" ಅನ್ನುವ ಬದಲು "ಕಾಫಿನಾ, ಮಜ್ಜಿಗೆನಾ" ಎಂದು ಕೇಳಬೇಕು, ಲೋಟ ತೋರಿಸಬೇಕು. ಮಾತು ಹೋದವರಿಗೆ ಬುದ್ಧಿಯೂ ಹೋಗಿದೆ ಎಂದು ತಿಳಿದು ಮಕ್ಕಳಿಗೆ ಹೇಳುವ ಹಾಗೆ ಹೇಳುವುದನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

• ನೋಡಲು ಬಂದವರು ಅವನ ಎದುರೇ "ಊಟ ಮಾಡ್ತಾನಾ, ಗುರುತು ಹಿಡೀತಾನಾ" ಎಂದು ನಿನ್ನನ್ನು ಕೇಳುತ್ತಾರೆ. "ಅಪ್ಪನನ್ನೇ ಕೇಳಿ" ಎಂದು ಹೇಳು. ಇದರಲ್ಲಿ ಸಂಕೋಚ ಬೇಡ.

• ಇದ್ದಕ್ಕಿದ್ದ ಹಾಗೆ ಅತ್ತರೆ, ಸಂಬಂಧವಿಲ್ಲದೆ ನಕ್ಕರೆ ಗಾಬರಿಯಾಗಬೇಡಿ. ಅದೂ ಮೆದುಳಿನ ಪೆಟ್ಟಿನಿಂದಲೇ ಆಗುತ್ತದೆ, ಮಾತು ಬೇರೆ ಕಡೆ ತಿರುಗಿಸಿದರೆ ನಿಲ್ಲುತ್ತದೆ. ಆದರೆ ಊಟ ಬೇಡ, ನಿದ್ದೆ ಇಲ್ಲ, ಬದುಕಿ ಏನು ಪ್ರಯೋಜನ ಎಂದು ಶುರುವಾದರೆ ಅದು ಖಿನ್ನತೆ. ಪಾರ್ಶ್ವವಾಯು ಬಂದ ಮೂವರಲ್ಲಿ ಸುಮಾರು ಒಬ್ಬರಿಗೆ ಅದು ಬರುತ್ತದೆ. ಔಷಧಿ ಇದೆ, ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ.

• ಪಾರಿವಾಳದ ರಕ್ತ ಹಚ್ಚಿ ತಿಕ್ಕಿಸಿ ಎಂದು ಯಾರಾದರೂ ಬಂದೇ ಬರುತ್ತಾರೆ. ಬೇಡ. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆಯ ಮಾತ್ರೆ ಯಾವುದನ್ನೂ ಯಾರ ಮಾತಿಗೂ ನಿಲ್ಲಿಸಬೇಡಿ, ಇನ್ನೊಂದು ಸಲ ಹೊಡೆಯುವುದು ಹಾಗೆಯೇ. ಹೊಸದಾಗಿ ಬಾಯಿ ವಾರೆಯಾದರೆ, ಕೈ ಸೋತರೆ, ಮಾತು ಇನ್ನಷ್ಟು ತಡವರಿಸಿದರೆ ತಕ್ಷಣ 108. ರಕ್ತ ಹೆಪ್ಪುಗಟ್ಟಿ ಆದದ್ದಾದರೆ ಅದನ್ನು ಕರಗಿಸುವ ಇಂಜೆಕ್ಷನ್‌ಗೆ ಹೊಡೆದ ಹೊತ್ತಿನಿಂದ ನಾಲ್ಕೂವರೆ ಗಂಟೆಯಷ್ಟೇ ಸಮಯ. ಬೆಳಗಾಗಲಿ ನೋಡೋಣ ಅನ್ನಬೇಡಿ.

• ನೀರು ಕುಡಿದಾಗ ಕೆಮ್ಮು ಬರುತ್ತದೆ ಎಂದೆಯಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ನುಂಗುವುದನ್ನು ಪರೀಕ್ಷೆ ಮಾಡಿಸುವವರೆಗೆ ನೆಟ್ಟಗೆ ಕೂರಿಸಿ ಗುಟುಕು ಗುಟುಕಾಗಿ ಕೊಡು. ತೆಳು ನೀರಿಗಿಂತ ಗಟ್ಟಿ ರಾಗಿ ಗಂಜಿ ಹಲವರಿಗೆ ಸಲೀಸು. ಉಂಡು ಅರ್ಧ ಗಂಟೆ ಮಲಗಿಸಬೇಡ.

• ಜನ ಹೊರಗೆ ಹೋಗದೆ ಇರುವುದಕ್ಕೆ ಅರ್ಧ ಕಾರಣ ಕಾಲಲ್ಲ, ಕಕ್ಕಸು. ಮದುವೆಗೆ ಹೋಗುವ ಮುಂಚೆ ಮಂಟಪಕ್ಕೆ ಫೋನ್ ಮಾಡಿ ಕಮೋಡ್ ಇದೆಯಾ, ಎಷ್ಟು ಮೆಟ್ಟಿಲು ಎಂದು ಕೇಳು. ಬಫೆಗೆ ನಿಲ್ಲಿಸಬೇಡ, ಪಂಕ್ತಿಯ ತುದಿಯಲ್ಲಿ ಕೂರಿಸು. ಮನೆಯ ಬಚ್ಚಲಿಗೆ ಗೋಡೆಯ ಹಿಡಿ, ಹೊರಕ್ಕೆ ತೆರೆಯುವ ಬಾಗಿಲು ಹಾಕಿಸಿ.

• ಕಾಗದಪತ್ರ. ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕು. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಇದು ಅವರದೇ ಕೆಲಸ. ನ್ಯೂನತೆ 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಲವು ಸೌಲಭ್ಯ ಸಿಗುತ್ತವೆ. ನಿಮ್ಮ ಮಾವ ಸರ್ಕಾರಿ ಶಾಲೆಯ ಮೇಷ್ಟರು. ಕೆಲಸದಲ್ಲಿದ್ದಾಗ ನ್ಯೂನತೆ ಬಂದ ಸರ್ಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ, ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ. ಅದರಿಂದಲೇ ಅವರು ಶಾಲೆಯ ಗ್ರಂಥಾಲಯ ನೋಡಿಕೊಂಡು ನಿವೃತ್ತಿಯವರೆಗೂ ಮಕ್ಕಳ ನಡುವೆ ಇದ್ದರು. ರಾಜೀನಾಮೆ ಬರೆದುಕೊಡಿ ಎಂದು ಸಲಹೆ ಕೊಟ್ಟವರಿದ್ದರು, ನಾನು ಕೇಳಲಿಲ್ಲ.

• ಮನೆಯಿಂದಲೇ ಮತ ಹಾಕುವ ಅನುಕೂಲ 2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮಲ್ಲಿಗೂ ಬಂತು. ಎದ್ದೇಳಲಾಗದವರಿಗೆ ಅದು ದೊಡ್ಡ ಉಪಕಾರ. ನಿಮ್ಮಪ್ಪ ಮಾತ್ರ ಮತಗಟ್ಟೆಗೇ ಹೋಗಲಿ. ಊರಿನವರೆಲ್ಲ ಒಂದೇ ಕಡೆ ಸಿಗುವ ದಿನ ಅದು.

• ಇನ್ನು ನಿಮ್ಮಮ್ಮ. ರಾತ್ರಿ ಮಗ್ಗುಲು ತಿರುಗಿಸುವುದು, ಒದ್ದೆ ಬಟ್ಟೆ ಬದಲಾಯಿಸುವುದು, ಹಗಲೆಲ್ಲ ದನ, ಅಡುಗೆ. ಅವಳ ಬಿಪಿ ನೋಡಿಸಿ ಎಷ್ಟು ದಿನವಾಯಿತು? ಇದೇ ವಾರ ಕರೆದುಕೊಂಡು ಹೋಗು. ಸ್ತ್ರೀಶಕ್ತಿ ಸಂಘದ ಸಭೆಗೆ ಹೋಗುವುದು ನಿಲ್ಲಿಸಿದ್ದಾಳೆ ಎಂದು ಕೇಳಿದೆ, ಅದು ಸರಿಯಲ್ಲ. ಕಾಯಿಲೆ ಬಂದವನ ಜೊತೆ ನೋಡಿಕೊಳ್ಳುವವಳೂ ಮನೆಯೊಳಗೇ ಸೇರಿಹೋಗುತ್ತಾಳೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. "ಏನಾದ್ರೂ ಬೇಕಾದ್ರೆ ಹೇಳಿ" ಎಂದು ಹೋಗುವ ನೆಂಟರಿಗೆ ಕೆಲಸವನ್ನೇ ಹಂಚು: ಭಾನುವಾರ ಸ್ನಾನ ನಿನ್ನ ಚಿಕ್ಕಪ್ಪ ಮಾಡಿಸಲಿ, ಫಿಸಿಯೋಥೆರಪಿಗೆ ನಿನ್ನ ತಮ್ಮ ಕರೆದೊಯ್ಯಲಿ. ಗಂಡು ಮಕ್ಕಳಿಗೆ ಇದೆಲ್ಲ ಬರುವುದಿಲ್ಲ ಎಂಬ ಮಾತು ಒಪ್ಪಬೇಡ, ಕಲಿಸಿದರೆ ಬರುತ್ತದೆ. ಆಷಾಢದಲ್ಲಿ ನಿಮ್ಮಪ್ಪನನ್ನು ನನ್ನ ಮನೆಯಲ್ಲಿ ಬಿಟ್ಟು ನಿಮ್ಮಮ್ಮ ತವರಿಗೆ ಹೋಗಿಬರಲಿ. ಬಚ್ಚಲಿಗೆ ಹಿಡಿ ಹಾಕಿಸಿರುವುದು ಇಲ್ಲಿ ಇನ್ನೂ ಇದೆ, ಮಂಚವೂ ಎತ್ತರದ್ದೇ. ಮಾತ್ರೆಗಳ ಚೀಟಿ, ಕೋಲು, ಕನ್ನಡಕ ಮರೆಯದೆ ಕಳಿಸು. ಬರುವ ದಿನ ಮುಂಚೆಯೇ ತಿಳಿಸಿದರೆ ಬಸ್‌ಸ್ಟ್ಯಾಂಡಿಗೆ ಆಟೋ ತೆಗೆದುಕೊಂಡು ಬರುತ್ತೇನೆ.